ಕಳ್ಳಿ ಅನ್ನಿಸಿಕೊಂಡವಳು ಕಟ್ಟಿದ ಸರ್ವರ್

ಪ್ರಾಂಶುಪಾಲರ ಮೇಜಿನ ಮೇಲೆ ನನ್ನ ಬ್ಯಾಗನ್ನು ಬೋರಲು ಹಾಕಿದಾಗ ಮೊದಲು ಬಿದ್ದದ್ದು ಸ್ಕ್ರೂಡ್ರೈವರ್ ಸೆಟ್ಟು. ಆಮೇಲೆ ಮಲ್ಟಿಮೀಟರ್, ಬೋರ್ಡಿನ ದೂಳು ತೆಗೆಯಲು ಇಟ್ಟುಕೊಂಡಿದ್ದ ಹಲ್ಲುಜ್ಜುವ ಹಳೆಯ ಬ್ರಷ್ಷು, ಬಾಚಣಿಗೆ, ಚಿತ್ರಾನ್ನದ ಡಬ್ಬಿ. ಕೊನೆಗೆ ನ್ಯೂಸ್ ಪೇಪರಿನಲ್ಲಿ ಸುತ್ತಿದ್ದ, ಹೆಂಗಸರು ಗಂಡಸರ ಕಣ್ಣಿಗೆ ಬೀಳದಂತೆ ಒಯ್ಯುವ ಪೊಟ್ಟಣ. ಅಟೆಂಡರ್ ಅದನ್ನೂ ಬಿಚ್ಚಿದ. "ಇದ್ರಲ್ಲೂ ಇಲ್ಲ ಸಾ" ಎಂದ. ಕೋಣೆಯಲ್ಲಿ ಏಳೆಂಟು ಜನ ಉಪನ್ಯಾಸಕರಿದ್ದರು. ಒಬ್ಬರೂ ಮುಖ ಆಚೆ ತಿರುಗಿಸಲಿಲ್ಲ.

ಹುಡುಕುತ್ತಿದ್ದದ್ದು ಕಂಪ್ಯೂಟರಿನ ಮೆಮೊರಿಯ ಸಣ್ಣ ಪಟ್ಟಿಗಳಾದ ಎರಡು ರ‍್ಯಾಮ್ ಸ್ಟಿಕ್ಕುಗಳನ್ನು. ಹುಣಸೂರಿನ ಆ ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತು ಹಳೆಯ ಯಂತ್ರಗಳಿದ್ದವು. ಅವಕ್ಕೆ ಹಾರ್ಡ್ ಡಿಸ್ಕ್ ಇರಲಿಲ್ಲ. ಮೂಲೆಯಲ್ಲಿದ್ದ ಒಂದು ಸರ್ವರ್ ಅಷ್ಟರ ಕೆಲಸವನ್ನೂ ತಾನೇ ಹೊರುತ್ತಿತ್ತು. ಅದಕ್ಕೆ ಎರಡು ಪ್ರೊಸೆಸರ್, ನಾಲ್ಕು ಸ್ಟಿಕ್ ರ‍್ಯಾಮ್. ಅದನ್ನು ಕೊಟ್ಟವರು ಮೈಸೂರಿನ ಒಬ್ಬ ಡೀಲರ್. ತಿಂಗಳಿಗೊಮ್ಮೆ ಹೋಗಿ ದೂಳು ತೆಗೆದು, ಸಣ್ಣಪುಟ್ಟ ರಿಪೇರಿ ಮಾಡಿ ಬರುವುದು ನನ್ನ ಪಾಲಿನ ಕೆಲಸ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ರಿಪೇರಿ ಅಂಗಡಿಯಿತ್ತು. ಇದು ಎರಡು ಸಾವಿರದ ಆರನೇ ಇಸವಿಯ ಆಸುಪಾಸಿನ ಮಾತು. ಆಗ ನಮ್ಮ ಕಡೆ ಹೆಂಗಸೊಬ್ಬಳು ಕಂಪ್ಯೂಟರ್ ಬಿಚ್ಚುತ್ತಾಳೆಂದರೆ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಆ ಸರ್ವರನ್ನು ಡೀಲರ್ ಸರ್ವೀಸಿಗೆಂದು ಮೈಸೂರಿಗೆ ಒಯ್ದು ವಾಪಸು ತಂದಿಟ್ಟಿದ್ದರು. ಅದಾದ ಮೇಲೆ ನಾನು ಮೊದಲ ಸಲ ಹೋಗಿ ಆನ್ ಮಾಡಿದಾಗ ಪರದೆಯ ಮೇಲೆ ಮೆಮೊರಿಯ ಲೆಕ್ಕ ಅರ್ಧಕ್ಕೇ ನಿಂತುಬಿಟ್ಟಿತು. ಮುಚ್ಚಳ ತೆಗೆದರೆ ನಾಲ್ಕು ಇರಬೇಕಾದ ಕಡೆ ಎರಡೇ ಸ್ಟಿಕ್. ಈ ವಿಷಯವನ್ನು ಪ್ರಾಂಶುಪಾಲರಿಗೆ ಓಡಿ ಹೋಗಿ ಹೇಳಿದವಳು ನಾನೇ. ಅವರು ಡೀಲರನ್ನು ಕರೆಸಿದರು. ಡೀಲರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಕಾಲ ಮೇಲೆ ಕಾಲು ಹಾಕಿ ಕೂತು, ನಿಧಾನವಾಗಿ ಹೇಳಿದರು. "ನಾವು ನಾಲ್ಕೂ ಹಾಕಿಯೇ ತಂದಿಟ್ಟಿದ್ದು ಸಾರ್. ತಿಂಗಳು ತಿಂಗಳು ಬಂದು ಬಾಕ್ಸ್ ತೆಗೆಯೋರು ಯಾರು, ನೀವೇ ಯೋಚನೆ ಮಾಡಿ. ಇದರ ಬೆಲೆ ಎಲ್ಲರಿಗೂ ಗೊತ್ತಿರಲ್ಲ." ಅಷ್ಟು ಸಾಕಾಯಿತು. ನನ್ನ ಬ್ಯಾಗು ಮೇಜಿನ ಮೇಲೆ ಬಂತು.

ಬ್ಯಾಗಿನಲ್ಲಿ ಏನೂ ಸಿಗಲಿಲ್ಲ. ಆದರೂ ಹುಡುಕಿದ ಸುದ್ದಿ ಸಂಜೆಯೊಳಗೆ ಊರೆಲ್ಲ ಸುತ್ತಿ ಬಂದಿತ್ತು. ಸೈಬರ್ ಕೆಫೆಯವರು ಕರೆಯುವುದನ್ನು ಬಿಟ್ಟರು. ಫೋಟೋ ಸ್ಟುಡಿಯೋದವನು ಕರೆದರೂ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ನನ್ನ ಕೈಯನ್ನೇ ನೋಡುತ್ತಿದ್ದ. ಒಂದು ಶಾಲೆಯವರಂತೂ ಮಾಡಿ ಮುಗಿಸಿದ ಕೆಲಸವನ್ನು ಬೇರೆಯವರಿಂದ ಬಿಚ್ಚಿಸಿ ಪರೀಕ್ಷೆ ಮಾಡಿಸಿದರು. ಹೀಗೇ ಇನ್ನೊಂದಷ್ಟು ದಿನ ನಡೆದಿದ್ದರೆ ನಾನು ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗಬೇಕಾಗಿತ್ತು.

ಆ ಡೀಲರನ್ನು ಇಲ್ಲಿಯವರೆಗೆ ಅವರು, ಇವರು ಎಂದು ಬರೆದೆ. ಇನ್ನು ನನ್ನ ಕೈ ಒಪ್ಪುವುದಿಲ್ಲ. ಅವನ ಮೇಲೆ ನನಗೆ ದ್ವೇಷವಿತ್ತು, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ರಾಗಿ ಮುದ್ದೆ ತಿರುವುವಾಗ, ಬಟ್ಟೆ ಒಗೆಯುವಾಗ, ಅವನಿಗೆ ಏನು ಮಾಡಿದರೆ ನನಗೆ ಆದಷ್ಟೇ ಅವಮಾನ ಆದೀತು ಎಂದು ಲೆಕ್ಕ ಹಾಕುತ್ತಿದ್ದೆ. ಅಂಥ ಯೋಚನೆಯಲ್ಲಿ ಒಂದು ರುಚಿಯೂ ಇರುತ್ತದೆ. ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಡಂ ನನ್ನ ಅಂಗಡಿಗೆ ಬಂದರು. ಪಿರಿಯಾಪಟ್ಟಣದ ಕಡೆಯವರು, ಬಾಯಿ ಜೋರು, ಮನಸ್ಸು ಒಳ್ಳೆಯದು. ನನ್ನ ಬ್ಯಾಗು ಸುರಿದ ದಿನ ಅವರು ರಜೆಯಲ್ಲಿದ್ದರು.

"ಸರ್ವರ್ ಸತ್ತೋಯ್ತು ಕಣ್ರೀ" ಎಂದರು.

"ಒಳ್ಳೇದಾಯ್ತು" ಎಂದೆ.

"ನನ್ ಮೇಲ್ಯಾಕ್ರೀ ಸಿಟ್ಟು? ಪ್ರಾಕ್ಟಿಕಲ್ ಪರೀಕ್ಷೆ ಹತ್ರ ಬಂತು. ಕೋಟೆ ತಾಲ್ಲೂಕಿನ್ ಕಡೆ ಕಾಡಂಚಿನ ಹಾಡಿಯಿಂದೆಲ್ಲ ಹುಡ್ಗೀರು ಬತ್ತಾರೆ. ಅವ್ರು ಇನ್ನೆಲ್ಲಿ ಕೂತು ಕಲ್ತಾರು?"

"ನಿಮ್ ಡೀಲರ್ ಇದಾನಲ್ಲ, ಅವ್ನನ್ನೇ ಕೇಳಿ."

"ಹೊಸ್ದೇ ತಗೋಬೇಕು ಅಂತಾನೆ. ಅವ್ನು ಹೇಳೋ ರೇಟಲ್ಲಿ ಕಾಲು ಭಾಗ ಟ್ರಸ್ಟಿನೋರು ಕೊಟ್ರೆ ಹೆಚ್ಚು."

ಹಾಡಿಯ ಹುಡುಗಿಯರ ಮೇಲಿನ ಕನಿಕರದಿಂದ ಒಪ್ಪಿಕೊಂಡೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ನನ್ನ ಕಿವಿಗೆ ಬಿದ್ದದ್ದು ಕಾಲು ಭಾಗ ಎಂಬ ಮಾತು. ಅವನು ಕೇಳಿದ್ದರ ಕಾಲು ಭಾಗದಲ್ಲಿ, ಹಳೆಯ ಸಾಮಾನಿನಲ್ಲೇ ಒಂದು ಸರ್ವರ್ ಕಟ್ಟಿ ನಿಲ್ಲಿಸಿದರೆ ಆ ಬಿಳಿ ಅಂಗಿಯವನ ಮುಖ ಹೇಗಾದೀತು ಎಂದು ಕಣ್ಣೆದುರು ಬಂತು. "ಪ್ರಾಂಶುಪಾಲರು ಒಪ್ತಾರಾ?" ಎಂದು ಕೇಳಿದೆ. ಬೇರೆ ದಾರಿ ಕಾಣದೆ ಒಪ್ಪಿದ್ದಾರೆ ಎಂದರು ಮೇಡಂ.

ಮಾರನೇ ದಿನ ಹೋಗಿ ಸರ್ವರ್ ಬಿಚ್ಚಿದೆ. ಪ್ರೊಸೆಸರಿನ ಸುತ್ತ ಸಾಲಾಗಿ ನಿಂತಿದ್ದ ಕೆಪ್ಯಾಸಿಟರುಗಳ ತಲೆ ಉಬ್ಬಿ, ಕೆಲವು ಬಿರಿದು, ಕಂದು ಅಂಟು ಇಳಿದಿತ್ತು. ಬೋರ್ಡ್ ಮುಗಿದ ಕಥೆ. ಕ್ಯಾಬಿನೆಟ್, ಪವರ್ ಸಪ್ಲೈ, ಹಾರ್ಡ್ ಡಿಸ್ಕುಗಳು ಸರಿಯಿದ್ದವು. ಪ್ರೊಸೆಸರುಗಳು ಬದುಕಿವೆಯೋ ಇಲ್ಲವೋ ಬೇರೆ ಬೋರ್ಡಿಗೆ ಹಾಕದೆ ಹೇಳುವಂತಿರಲಿಲ್ಲ. ಅವುಗಳ ತಲೆಯ ಮೇಲಿನ ಪೇಸ್ಟ್ ಒರೆಸಿ, ಅಲ್ಲಿ ಕೊರೆದಿದ್ದ ಕೋಡ್ ಬರೆದುಕೊಂಡೆ. ಉಳಿದಿದ್ದ ಎರಡು ರ‍್ಯಾಮ್ ಸ್ಟಿಕ್ಕನ್ನು ಮಾತ್ರ ಮೇಡಂ ಕೈಯಲ್ಲೇ ತೆಗೆಸಿ ಅವರ ಬೀರುವಿನಲ್ಲೇ ಇಡಿಸಿದೆ. ನಾನು ಅವನ್ನು ಬೆರಳಲ್ಲೂ ಮುಟ್ಟಲಿಲ್ಲ.

ಸರ್ವರಿನ ಹಳೆಯ ಬಿಡಿಭಾಗ ಹುಡುಕುವುದೆಂದರೆ ಜಾತಕ ಕೂಡಿಸಿದ ಹಾಗೆ. ಬೋರ್ಡ್ ಮನೆಯ ಕಂಪ್ಯೂಟರಿನದಕ್ಕಿಂತ ಅಗಲ. ನಮ್ಮ ಕ್ಯಾಬಿನೆಟ್ಟಿನ ತೂತಿಗೆ ಅದರ ತೂತು ಸೇರಬೇಕು. ಪವರ್ ಸಪ್ಲೈಯಿಂದ ಬರುವ ಇಪ್ಪತ್ತನಾಲ್ಕು ಪಿನ್ನಿನ ದೊಡ್ಡ ಕನೆಕ್ಟರು, ಎಂಟು ಪಿನ್ನಿನ ಸಣ್ಣದು, ಎರಡಕ್ಕೂ ಬೋರ್ಡಿನಲ್ಲಿ ಜಾಗ ಇರಬೇಕು. ಪ್ರೊಸೆಸರುಗಳಲ್ಲಿ ಹೊರಗೆ ಕಾಣದ ಇನ್ನೊಂದು ತೊಡಕು. ಆರುನೂರ ನಾಲ್ಕು ಪಿನ್ನಿನ ಆ ಸಾಕೆಟ್ಟಿನಲ್ಲಿ ಮೂರು ಬಗೆಯ ಪ್ರೊಸೆಸರುಗಳು ಕೂರುತ್ತಿದ್ದವು. ನಾನೂರು, ಐನೂರ ಮೂವತ್ತಮೂರು, ಎಂಟುನೂರು ಎಂದು ಅವು ಬೋರ್ಡಿನ ಜೊತೆ ಮಾತಾಡುವ ವೇಗ ಬೇರೆ ಬೇರೆ. ನೋಡಲು ಮೂರೂ ಒಂದೇ. ಎರಡು ಪ್ರೊಸೆಸರ್ ಹಾಕಿದರೆ ಎರಡರ ವೇಗವೂ, ತಯಾರಿಕೆಯ ಕೋಡೂ ಒಂದೇ ಆಗಿರಬೇಕು. ರ‍್ಯಾಮಿನದು ಇನ್ನೂ ಮಡಿವಂತಿಕೆ. ಮನೆಯ ಕಂಪ್ಯೂಟರಿನ ಸ್ಟಿಕ್ಕು ಅದೇ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಬೋರ್ಡ್ ಕೂಗಿಕೊಂಡು ಸುಮ್ಮನಾಗುತ್ತದೆ. ಸರ್ವರಿಗೆ ಬೇಕಾದದ್ದು ತಪ್ಪು ತಿದ್ದಿಕೊಳ್ಳುವ ಬಗೆಯ ಸ್ಟಿಕ್ಕು. ಸಾಲಿಗೆ ಎಂಟು ಚಿಪ್ ಇರುವ ಕಡೆ ಅದರಲ್ಲಿ ಒಂಬತ್ತು ಇರುತ್ತವೆ, ನಡುವೆ ಅಡ್ಡಲಾಗಿ ಚಿಕ್ಕದೊಂದು ಬೇರೆ. ಅದನ್ನೂ ಒಂದೊಂದಾಗಿ ಹಾಕುವಂತಿಲ್ಲ, ಜೋಡಿಯಾಗಿಯೇ ಹಾಕಬೇಕು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಒಬ್ಬ ಸಾಹೇಬರಿದ್ದರು. ಬೆಂಗಳೂರಿನ ಕಂಪನಿಗಳು ಬಿಸಾಡಿದ ಸರ್ವರುಗಳನ್ನು ಲಾರಿಯಲ್ಲಿ ತರಿಸಿ, ಬಿಚ್ಚಿ, ಬಿಡಿಬಿಡಿಯಾಗಿ ಮಾರುತ್ತಿದ್ದರು. ವಯಸ್ಸಾದವರು, ಮಾತಿನಲ್ಲಿ ಚೌಕಾಸಿ, ಮಾಲಿನಲ್ಲಿ ಮೋಸವಿಲ್ಲ. ನಾನು ಬೆಳಗಿನ ಬಸ್ಸಿಗೆ ಹೋಗಿ ಅವರ ಅಂಗಡಿಯ ಹಿಂಭಾಗದಲ್ಲಿ ಗೋಣಿತಾಟು ಹಾಸಿಕೊಂಡು ಕೂತೆ.

ಬೇಕಾದ ಅಳತೆಯ ಬೋರ್ಡುಗಳು ಕೆಲವಿದ್ದವು. ಒಂದರಲ್ಲಿ ಸುಟ್ಟ ವಾಸನೆ. ಒಂದರಲ್ಲಿ ಪ್ರೊಸೆಸರನ್ನು ಸಾಕೆಟ್ಟಿಗೆ ಬಿಗಿಯುವ ಸನ್ನೆ ಮುರಿದಿತ್ತು. ಇನ್ನೊಂದರ ಕೆಪ್ಯಾಸಿಟರುಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ, ಎಲ್ಲದರ ತಲೆಯೂ ಮಟ್ಟವಾಗಿತ್ತು. ಐನೂರ ಮೂವತ್ತಮೂರರ ಬೋರ್ಡ್ ಅದು. ತೂತುಗಳ ಅಳತೆಗೆ ನಾನು ರಟ್ಟಿನಲ್ಲಿ ಕತ್ತರಿಸಿ ಒಯ್ದಿದ್ದ ನಕ್ಷೆಗೆ ಸರಿಯಾಗಿ ಕೂತಿತು. ಅದನ್ನು ಪಕ್ಕಕ್ಕಿಟ್ಟೆ.

ಅಷ್ಟರಲ್ಲಿ ಸಾಹೇಬರು ಒಂದು ಜೋಡಿ ಪ್ರೊಸೆಸರ್ ತಂದು ಮುಂದಿಟ್ಟರು. "ಇದು ನೋಡಮ್ಮಾ, ಎಂಟುನೂರಿಂದು. ನಿಂದಕ್ಕಿಂತ ತೇಜ್ ಇದೆ, ಸಸ್ತಾ ಕೊಡ್ತೀನಿ. ಇದಕ್ಕೆ ಬೋರ್ಡ್ ಇಲ್ಲ ಅಂತ ಯಾರೂ ಕೇಳೋರಿಲ್ಲ."

ಡೀಲರ್ ಕಾಲೇಜಿಗೆ ಕೊಡುತ್ತೇನೆಂದ ಹೊಸ ಸರ್ವರಿನ ವೇಗವೂ ಅಷ್ಟೇ ಇತ್ತು. ನನ್ನ ಬೋರ್ಡಿಗೆ ಅದು ಆಗುವುದಿಲ್ಲ ಎಂದು ಓದಿ ಗೊತ್ತಿತ್ತು. ಆದರೂ ಅವನಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಬಾರದು ಎಂಬ ಹಟ. ಹಾಕಿ ನೋಡಿದೆ. ಮೆತ್ತಗೆ ಕೂತಿತು. ಸನ್ನೆ ಒತ್ತಿ ಆನ್ ಮಾಡಿದೆ, ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಇತ್ತು. ರ‍್ಯಾಮ್ ಬದಲಿಸಿದೆ, ಬ್ಯಾಟರಿ ತೆಗೆದು ಹಾಕಿದೆ, ಮಧ್ಯಾಹ್ನದವರೆಗೆ ಗುದ್ದಾಡಿದೆ. ಏನೂ ಇಲ್ಲ. ಕೊನೆಗೆ ಸಾಹೇಬರ ಬಳಿಯಿದ್ದ ಐನೂರ ಮೂವತ್ತಮೂರರ ಮೂರು ಪ್ರೊಸೆಸರುಗಳಲ್ಲಿ ಒಂದೇ ಕೋಡಿನ ಎರಡನ್ನು ಆರಿಸಿ ಎತ್ತಿಟ್ಟೆ. ಹಟಕ್ಕೆ ಹೋಗಿ ಅರ್ಧ ದಿನ ಹಾಳು ಮಾಡಿಕೊಂಡದ್ದಕ್ಕೂ ಆ ಡೀಲರನ್ನೇ ಬೈದುಕೊಂಡೆ.

ರ‍್ಯಾಮಿಗೆಂದು ಸಾಹೇಬರು ಬ್ರೆಡ್ಡಿನ ಟ್ರೇ ಒಂದನ್ನು ಎಳೆದು ತಂದರು. ಅದರ ತುಂಬ ಸ್ಟಿಕ್ಕುಗಳು, ಕಟ್ಟಿಗೆ ಒಟ್ಟಿದ ಹಾಗೆ. ಎಂಟು ಚಿಪ್ಪಿನವನ್ನು ಒಂದು ಕಡೆ, ಒಂಬತ್ತರವನ್ನು ಇನ್ನೊಂದು ಕಡೆ ಹಾಕುತ್ತಾ ಬಂದೆ. ಒಂಬತ್ತರದೊಂದು ಸ್ಟಿಕ್ಕಿನ ಬಿಳಿ ಲೇಬಲ್ ಹಳದಿಯಾಗಿತ್ತು. ಹಳತಾಗಿ ಬಣ್ಣ ತಿರುಗಿದೆ ಎಂದುಕೊಂಡು ಉಗುರಿನಲ್ಲಿ ಕೆರೆದೆ. ಅರಿಸಿನ. ಒರೆಸಿದ್ದರೂ ಕಾಗದಕ್ಕೆ ಹಿಡಿದ ಬಣ್ಣ ಹೋಗಿರಲಿಲ್ಲ. ಹಳದಿಯ ನಡುವೆ ಒಂದು ಅಕ್ಷರ. ಶ್ರೀ. ಅದರ ಬಾಲವನ್ನು ಎಡಕ್ಕೆ ಉದ್ದವಾಗಿ ಎಳೆದು ಸುರುಳಿ ಸುತ್ತಿದ್ದರು.

ಹಿಂದಿನ ದಸರೆಯ ಆಯುಧಪೂಜೆಗೆ ಕಾಲೇಜಿನ ಲ್ಯಾಬಿಗೆ ನನ್ನನ್ನೂ ಕರೆದಿದ್ದರು. ನಮ್ಮ ಕಡೆ ಆ ದಿನ ಪೂಜೆ ಸಿಗದ ಯಂತ್ರವಿಲ್ಲ. ಟ್ರಾಕ್ಟರಿನಿಂದ ಹಿಡಿದು ಹೊಲಿಗೆ ಮಿಷನ್ನಿನವರೆಗೆ ಎಲ್ಲಕ್ಕೂ ಹೂವು, ಅರಿಸಿನ, ಕುಂಕುಮ. ಲ್ಯಾಬಿನ ಮೇಡಂ ಸರ್ವರಿನ ಮುಂದೆ ತಟ್ಟೆ ಹಿಡಿದು ನಿಂತು, "ಹೊರಗಿನ್ ಡಬ್ಬಕ್ಕೆ ಇಟ್ರೆ ಏನ್ ಬಂತ್ರೀ, ಕೆಲ್ಸ ಮಾಡೋದು ಒಳಗಿರೋದಲ್ವಾ? ತೆಗೀರಿ" ಎಂದು ಪಟ್ಟು ಹಿಡಿದಿದ್ದರು. ಮುಚ್ಚಳ ತೆಗೆದೆ. ಕುಂಕುಮ ಉದುರಿ ಪಿನ್ನುಗಳ ಮೇಲೆ ಬಿದ್ದೀತೆಂದು ಬೇಡವೆಂದೆ. ಕೊನೆಗೆ ಅರಿಸಿನವನ್ನು ಗಟ್ಟಿಯಾಗಿ ಕಲಸಿ, ಬೆಂಕಿಕಡ್ಡಿಯ ತುದಿಯಿಂದ ನಾಲ್ಕೂ ರ‍್ಯಾಮಿನ ಲೇಬಲ್ಲಿನ ಮೇಲೆ ಅವರೇ ಶ್ರೀ ಬರೆದಿದ್ದರು. ಬೇರೆ ಕಾಲೇಜಿನವರೂ ಒಳಗೆ ಅರಿಸಿನ ಹಚ್ಚಿರಬಹುದು. ಆದರೆ ಆ ಬಾಲ ಮೇಡಂದೇ. ಹಾಜರಿ ಕರೆಯುವ ಪುಸ್ತಕದ ಪ್ರತಿ ಹಾಳೆಯ ಮೇಲೂ ಅದೇ ಬಾಲ ಇರುತ್ತಿತ್ತು.

ಟ್ರೇಯನ್ನು ಮಗುಚಿ ಹುಡುಕಿದೆ. ಅದರ ಜೋಡಿಯೂ ಸಿಕ್ಕಿತು.

ಎರಡನ್ನೂ ಕೊಂಡು, ಮೊದಲ ಬಸ್ಸು ಹತ್ತಿ, ಪ್ರಾಂಶುಪಾಲರ ಮುಖಕ್ಕೆ ಹಿಡಿಯಬೇಕು ಎಂದು ಬ್ಯಾಗಿನ ಜಿಪ್ಪು ಎಳೆದೆ. ಸ್ಟಿಕ್ಕುಗಳನ್ನು ಒಳಗೆ ಹಾಕಲು ಹೋದವಳು ಅಲ್ಲೇ ನಿಂತೆ. ಕಾಲೇಜಿನಿಂದ ಕಾಣೆಯಾದ ರ‍್ಯಾಮ್ ನನ್ನ ಬ್ಯಾಗಿನಿಂದ ಹೊರಗೆ ಬಂದರೆ ಏನರ್ಥ? ಅವತ್ತು ಸಿಗದಿದ್ದದ್ದು ಇವತ್ತು ಸಿಕ್ಕ ಹಾಗಾಗುತ್ತದೆ. ಆ ಡೀಲರ್ ನಗುತ್ತಾ, "ನಾನು ಹೇಳಲಿಲ್ವಾ ಸಾರ್, ಬಚ್ಚಿಟ್ಟುಕೊಂಡು ಈಗ ವಾಪಸು ಮಾರೋಕೆ ತಂದಿದ್ದಾಳೆ" ಎಂದರೆ ಮುಗಿಯಿತು. ಅವನ ಕುತ್ತಿಗೆಗೆ ಹಾಕಲು ಇದ್ದ ಒಂದೇ ಹಗ್ಗವನ್ನು ನಾನೇ ನನ್ನ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದೆ.

ಜಿಪ್ಪು ಮುಚ್ಚಿದೆ. ಎರಡು ಸ್ಟಿಕ್ಕನ್ನೂ ಸಾಹೇಬರ ಕೈಗೆ ಕೊಟ್ಟೆ.

"ಇದು ಯಾರ್ ತಂದ್ಕೊಟ್ಟಿದ್ದು ಸಾಹೇಬ್ರೆ?"

ಅವರು ಲೇಬಲ್ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಅದೆಲ್ಲಾ ನಿನಗ್ಯಾಕಮ್ಮಾ? ನಾನು ಧಂಧೆ ಮಾಡೋನು."

ನನ್ನ ಬ್ಯಾಗು ಸುರಿದ ಕಥೆ ಹೇಳಿದೆ. ಪೊಟ್ಟಣ ಬಿಚ್ಚಿದ್ದನ್ನೂ ಹೇಳಿದೆ. ಅವರು ಸ್ಟಿಕ್ಕುಗಳನ್ನು ಕರವಸ್ತ್ರದಲ್ಲಿ ಸುತ್ತಿ ಗಲ್ಲಾದ ಒಳಗಿಟ್ಟರು. "ಇದನ್ನ ಮಾರಲ್ಲ. ನಿಂಗೆ ಹೆಸರು ಹೇಳಲ್ಲ. ಆದ್ರೆ ಮಾಲಿನ ಮಾಲೀಕರು ಬಂದು ನನ್ನ ಮುಂದೆ ನಿಂತು ಕೇಳಿದ್ರೆ, ಸುಳ್ಳೂ ಹೇಳಲ್ಲ" ಎಂದರು.

ಹುಣಸೂರಿಗೆ ಬರುವ ಬಸ್ಸಿನಲ್ಲಿ ನನಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಏನು ಮಾಡಬೇಕೆಂಬುದು ಬಿಳಿಕೆರೆ ದಾಟುವುದರೊಳಗೆ ಖಚಿತವಾಗಿತ್ತು. ನೇರವಾಗಿ ಪ್ರಾಂಶುಪಾಲರ ಬಳಿಗೆ ಹೋದೆ. "ಬೋರ್ಡು, ಪ್ರೊಸೆಸರ್ ಆರಿಸಿಟ್ಟು ಬಂದಿದ್ದೀನಿ ಸಾರ್. ರ‍್ಯಾಮನ್ನ ಮಾತ್ರ ನಾನ್ ತರಾಕಿಲ್ಲ. ನಿಮ್ ರ‍್ಯಾಮ್ ವಿಷಯದಲ್ಲಿ ನನ್ ಬ್ಯಾಗಿಗೆ ಒಂದ್ಸಲ ಆಗಿದ್ದು ಸಾಕು. ನೀವೇ ಬಂದು, ಇರೋ ಸ್ಟಿಕ್ಕಿಗೆ ಜೋಡಿ ನೋಡಿ, ನೀವೇ ತಗೊಂಡು ಬನ್ನಿ" ಎಂದೆ. ಅವರ ಮುಖ ಸಪ್ಪಗಾಯಿತು. "ಅದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯೇನಮ್ಮ?" ಎಂದರು. "ಇಟ್ಕೊಂಡಿದ್ದೀನಿ ಸಾರ್" ಎಂದೆ.

ಶನಿವಾರ ಪ್ರಾಂಶುಪಾಲರ ಕಾರಿನಲ್ಲೇ ಅವರು, ಮೇಡಂ, ನಾನು ಮೂವರೂ ಮೈಸೂರಿಗೆ ಹೋದೆವು. ಉಳಿದ ಎರಡು ಸ್ಟಿಕ್ಕಿನಲ್ಲಿ ಒಂದನ್ನು ಮೇಡಂ ಕಾಗದದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಅಂಗಡಿಯಲ್ಲಿ ನಾನು ಬಾಗಿಲ ಹತ್ತಿರವೇ ನಿಂತೆ, ಒಂದು ಮಾತೂ ಆಡಲಿಲ್ಲ. ಮೇಡಂ ಸ್ಟಿಕ್ಕು ತೋರಿಸಿ ಇದರ ಜೋಡಿ ಬೇಕೆಂದರು. ಸಾಹೇಬರು ಗಲ್ಲಾದಿಂದ ಕರವಸ್ತ್ರ ತೆಗೆದು ಬಿಚ್ಚಿ ಮೇಜಿನ ಮೇಲಿಟ್ಟರು.

ಮೇಡಂ ಬಗ್ಗಿ ನೋಡಿದರು. ತಮ್ಮ ಕೈಯಲ್ಲಿದ್ದದ್ದನ್ನು ಪಕ್ಕಕ್ಕಿಟ್ಟು ಮತ್ತೆ ನೋಡಿದರು. "ಇದು ನಾನ್ ಬರೆದಿದ್ದಲ್ವಾ" ಎಂದರು, ಯಾರನ್ನೂ ಕೇಳದೆ. ಪ್ರಾಂಶುಪಾಲರು ಕನ್ನಡಕ ಹಾಕಿಕೊಂಡು ಮೂರನ್ನೂ ಸಾಲಾಗಿ ಇಟ್ಟು ನೋಡಿದರು. ಮೂರರ ಮೇಲೂ ಅದೇ ಹಳದಿ, ಅದೇ ಬಾಲ.

"ಇದನ್ನ ಯಾರ್ ಕೊಟ್ರು ನಿಮಗೆ?" ಎಂದು ಅವರೇ ಕೇಳಿದರು.

ಸಾಹೇಬರು ಡೀಲರಿನ ಹೆಸರು ಹೇಳಿದರು. "ಸರ್ವೀಸಲ್ಲಿ ಬದಲಾಯಿಸಿ ತೆಗೆದ ಹಳೇ ಮಾಲು ಅಂತ ಅವರ ಗಾಡಿಯಲ್ಲೇ ತರ್ತಾರೆ. ಬೇರೆಯವರ ಮಾಲು ಅಂತ ಗ್ಯಾರಂಟಿ ಗೊತ್ತಿದ್ರೆ ತಗೋತಿರಲಿಲ್ಲ. ತಗೊಂಡು ಹೋಗಿ ಸಾಬ್, ಇದಕ್ಕೆ ದುಡ್ಡು ಬೇಡ. ನಾನು ಅವರ ಹತ್ರ ವಸೂಲು ಮಾಡ್ಕೋತೀನಿ."

ಬಾಗಿಲಲ್ಲಿ ನಿಂತಿದ್ದ ನನಗೆ ಒಳಗಿಂದ ಬಿಸಿ ಏರಿದ ಹಾಗಾಯಿತು. ಸಂತೋಷ ಅದು. ಅಳು ಬಂದೀತೇನೋ ಎಂದುಕೊಂಡಿದ್ದೆ, ಬರಲಿಲ್ಲ.

ವಾಪಸು ಬರುವಾಗ ಪ್ರಾಂಶುಪಾಲರು ಮುಂದಿನ ಸೀಟಿನಿಂದ ತಿರುಗದೆಯೇ, "ಆಗಿದ್ದು ಆಗೋಯ್ತಮ್ಮ. ವಸ್ತು ಸಿಕ್ತಲ್ಲ. ಆತನಿಗೆ ಟ್ರಸ್ಟಿನೋರ ಪರಿಚಯ ಬೇರೆ ಇದೆ. ಇದನ್ನ ಇಲ್ಲಿಗೇ ಬಿಟ್ಟುಬಿಡೋಣ" ಎಂದರು.

"ನನ್ ಬ್ಯಾಗನ್ನ ನೀವು ಕಾರೊಳಗೆ ಸುರೀಲಿಲ್ಲ ಸಾರ್" ಎಂದೆ. "ಅಷ್ಟ್ ಜನದ ಮುಂದೆ ಸುರಿದ್ರಿ. ಅಷ್ಟೇ ಜನದ ಮುಂದೆ ಹೇಳ್ಬೇಕು."



ಸೋಮವಾರ ಜೋಡಣೆ ಶುರು ಮಾಡಿದೆ. ಬೋರ್ಡ್ ಕೂತಿತು, ಕನೆಕ್ಟರುಗಳು ಹಿಡಿದವು. ಉಳಿದಿದ್ದ ಹಳೆಯ ಎರಡು ಸ್ಟಿಕ್ಕನ್ನು ಮೇಡಂ ಕೈಯಲ್ಲೇ ಹಾಕಿಸಿದೆ. ಹೊಸದಾಗಿ ತಂದ ಜೋಡಿ ಪ್ರೊಸೆಸರ್ ಹಾಕಿ ಆನ್ ಮಾಡಿದರೆ ಮತ್ತೆ ಕಪ್ಪು ಪರದೆ. ವೇಗ ಸರಿ, ಕೋಡ್ ಸರಿ, ಮತ್ತೇನು? ಬೋರ್ಡಿನಲ್ಲಿದ್ದ ಬಯೋಸ್, ಆನ್ ಮಾಡಿದೊಡನೆ ಮೊದಲು ಓಡುವ ಪ್ರೋಗ್ರಾಮು, ಹಳೆಯದು. ಆ ಪ್ರೊಸೆಸರುಗಳು ಬರುವುದಕ್ಕೆ ಮೊದಲು ಬರೆದದ್ದು, ಹಾಗಾಗಿ ಇವುಗಳ ಗುರುತು ಅದಕ್ಕೆ ಸಿಗುತ್ತಿಲ್ಲ ಎಂದು ಹೊಳೆಯುವ ಹೊತ್ತಿಗೆ ಊಟದ ವೇಳೆ ದಾಟಿತ್ತು. ಕಾಲೇಜಿನ ಹಳೆಯ ಪ್ರೊಸೆಸರುಗಳಲ್ಲಿ ಒಂದನ್ನು ಹಾಕಿದೆ. ಅದು ಬದುಕಿತ್ತು, ಪರದೆ ಬೆಳಗಿತು. ಅದರ ಜೋಡಿ ಮಾತ್ರ ಸತ್ತಿತ್ತು. ಸೈಬರ್ ಕೆಫೆಗೆ ಹೋಗಿ ಹೊಸ ಬಯೋಸನ್ನು ಫ್ಲಾಪಿಗೆ ಇಳಿಸಿಕೊಂಡು ಬಂದೆ. ಕೆಫೆಯವನು ಕಂಪ್ಯೂಟರ್ ಬಿಟ್ಟುಕೊಟ್ಟ, ಆದರೆ ಕಣ್ಣು ಮಾತ್ರ ನನ್ನ ಕೈಯ ಮೇಲೇ ಇತ್ತು.

ಬಯೋಸ್ ಬರೆಯುವಾಗ ಕರೆಂಟು ಹೋದರೆ ಬೋರ್ಡ್ ಮತ್ತೆ ಏಳುವುದಿಲ್ಲ. ಆ ಬೇಸಿಗೆಯಲ್ಲಿ ಹುಣಸೂರಿನ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಲ್ಯಾಬಿನ ಯುಪಿಎಸ್‌ನಿಂದ ಬೇರೆಲ್ಲ ಯಂತ್ರಗಳನ್ನು ಕಿತ್ತು, ಸರ್ವರ್ ಒಂದನ್ನೇ ಉಳಿಸಿ, ಫ್ಲಾಪಿ ಹಾಕಿದೆ. ಪರದೆಯ ಮೇಲೆ ಪಟ್ಟಿ ಮುಕ್ಕಾಲು ತುಂಬಿದಾಗ ಫ್ಯಾನು, ಲೈಟು ಎಲ್ಲ ಆರಿದವು. ಯುಪಿಎಸ್ ಕೂಗತೊಡಗಿತು. ಮೇಡಂ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. ಪಟ್ಟಿ ತುಂಬಿತು.

ಕರೆಂಟು ಬಂದ ಮೇಲೆ ಎರಡು ಪ್ರೊಸೆಸರನ್ನೂ ಹಾಕಿದೆ. ರ‍್ಯಾಮ್ ಸ್ಟಿಕ್ಕುಗಳಲ್ಲಿ ಮೈಸೂರಿನಿಂದ ತಂದ ಜೋಡಿಯನ್ನೂ ಮೇಡಂ ಸ್ಲಾಟಿನಲ್ಲಿ ಒತ್ತಿದರು. ಆನ್ ಮಾಡಿದಾಗ ಮೆಮೊರಿಯ ಲೆಕ್ಕ ಮೊದಲು ನಿಂತಿದ್ದ ಅರ್ಧದ ಗಡಿ ದಾಟಿ, ಪೂರ್ತಿಯಾಗಿ ನಿಂತಿತು. ಇಪ್ಪತ್ತು ಯಂತ್ರಗಳಿಗೂ ಕನೆಕ್ಷನ್ ಕೊಟ್ಟೆವು. ಸಾಲುಸಾಲಾಗಿ ಪರದೆಗಳು ಬೆಳಗಿ ಪಾಸ್‌ವರ್ಡ್ ಕೇಳುತ್ತಾ ನಿಂತವು. ಅದು ನಾನು ಅವತ್ತೇ ಹೊಸದಾಗಿ ಇಟ್ಟದ್ದು, ಇನ್ನಾರಿಗೂ ಗೊತ್ತಿರಲಿಲ್ಲ.

"ಹೇಳ್ರೀ" ಎಂದರು ಮೇಡಂ.

"ಸ್ಟಾಫ್ ರೂಮಲ್ಲಿ ಅವ್ರು ಹೇಳ್ಲಿ. ಆಮೇಲೆ ನಾನ್ ಹೇಳ್ತೀನಿ."

"ಹುಡ್ಗೀರ್ ಏನ್ರೀ ಮಾಡಿದ್ರು ನಿಮಗೆ?" ಮೇಡಂಗೆ ಸಿಟ್ಟು ಬಂತು. ಬರಲಿ ಎಂದುಕೊಂಡೆ. ಅವರು ದಡದಡ ಹೋಗಿ ಪ್ರಾಂಶುಪಾಲರ ಬಾಗಿಲು ತಳ್ಳಿದ ಶಬ್ದ ಲ್ಯಾಬಿನವರೆಗೂ ಕೇಳಿಸಿತು. ಅವರೇನು ಹೇಳಿದರೋ ತಿಳಿಯದು. ಸಂಜೆ ಗಂಟೆ ಹೊಡೆಯುವ ಮೊದಲು ಎಲ್ಲ ಉಪನ್ಯಾಸಕರನ್ನೂ ಸ್ಟಾಫ್ ರೂಮಿಗೆ ಕರೆಸಿದರು. ಪ್ರಾಂಶುಪಾಲರು ನಿಂತುಕೊಂಡು ಮಾತಾಡಿದರು. "ಈ ಹೆಣ್ಣುಮಗಳು ಏನನ್ನೂ ಕದ್ದಿರಲಿಲ್ಲ. ಕದ್ದವರು ಯಾರೂಂತ ನಾನೇ ಕಣ್ಣಾರೆ ನೋಡ್ಕೊಂಡು ಬಂದಿದ್ದೀನಿ. ಅವತ್ತು ನಾನು ಮಾಡಿಸಿದ್ದು ತಪ್ಪು" ಎಂದು, ಡೀಲರಿನ ಹೆಸರನ್ನೂ ಹೇಳಿದರು. ಅವತ್ತು ಮುಖ ತಿರುಗಿಸದಿದ್ದವರೆಲ್ಲ ಇವತ್ತು ಕಿಟಕಿಯ ಕಡೆ ನೋಡುತ್ತಿದ್ದರು. ಅಟೆಂಡರ್ ಹೊರಗೆ ಟೀ ಹಿಡಿದುಕೊಂಡು ನಿಂತಿದ್ದ. "ನಾನೇನ್ ಮಾಡ್ಲಕ್ಕ, ಸಾರ್ ಹೇಳುದ್ರು, ಮಾಡ್ದೆ. ಬುಡಕ್ಕ, ಮನ್ಸಿಗೆ ಮಡಿಕಬ್ಯಾಡ" ಎಂದ. ಅವನ ಟೀ ನಾನು ಕುಡಿಯಲಿಲ್ಲ. ಪಾಸ್‌ವರ್ಡ್ ಕೊಟ್ಟು ಮನೆಗೆ ಹೋದೆ.

ಆ ವಾರದಲ್ಲೇ ಡೀಲರ್ ನನ್ನ ಅಂಗಡಿಗೆ ಬಂದ. ಅದೇ ಬಿಳಿ ಅಂಗಿ. ಗಿರಾಕಿಗಳು ಕೂರುವ ಸ್ಟೂಲಿನ ದೂಳನ್ನು ಕರ್ಚೀಫಿನಲ್ಲಿ ಒರೆಸಿ ಕೂತ. "ನಮ್ಮ ಸರ್ವೀಸ್ ಹುಡುಗ ಮಾಡಿದ್ದು. ಅವನನ್ನ ತೆಗೆದುಹಾಕಿದೀನಿ. ನನಗೆ ನಾಲ್ಕು ತಾಲ್ಲೂಕಲ್ಲಿ ಶಾಲೆ ಕಾಲೇಜುಗಳಿವೆ. ಅಷ್ಟರ ಮೆಂಟೆನೆನ್ಸೂ ನಿಮಗೇ ಕೊಡ್ತೀನಿ, ವರ್ಷವಿಡೀ ಕೆಲಸ. ಹುಡುಗನದ್ದೇ ತಪ್ಪು ಅಂತ ನೀವೊಂದು ಮಾತು ಹೇಳಿ, ಸಾಕು" ಎಂದ.

ನನಗೆ ಕೆಲಸದ ಅಗತ್ಯ ಎಷ್ಟಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದ.

"ಎದ್ದೋಗಿ" ಎಂದೆ.

ಅವನು ಹೋದ. ಆದರೆ ನಾಲ್ಕು ತಾಲ್ಲೂಕು ಎಂಬ ಅವನ ಮಾತು ನನ್ನ ತಲೆಯಲ್ಲಿ ಉಳಿಯಿತು. ಅವನ ಬಾಕ್ಸುಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಹೋಗಿ ಬಿಚ್ಚಿ ನೋಡುತ್ತೇನೆ ಎಂದು ತೀರ್ಮಾನಿಸಿದೆ. ಬಿಟ್ಟಿ ತಪಾಸಣೆ ಎಂದು ಹೇಳಿಕೊಂಡು, ಬಸ್ಸಿನಲ್ಲಿ, ಊಟದ ಡಬ್ಬಿ ಕಟ್ಟಿಕೊಂಡು ಹೊರಟೆ. ಕಂಪಲಾಪುರದ ಶಾಲೆಯಲ್ಲಿ ಒಂದು ಸ್ಟಿಕ್ ಕಡಿಮೆಯಿತ್ತು. ಕೋಟೆ ತಾಲ್ಲೂಕಿನ ತರಬೇತಿ ಕೇಂದ್ರದಲ್ಲಿ ದೊಡ್ಡದನ್ನು ತೆಗೆದು ಚಿಕ್ಕದು ಹಾಕಿದ್ದ. ಅಲ್ಲಿನ ಮುಖ್ಯಸ್ಥರು ನನ್ನೆದುರೇ ಫೋನ್ ಮಾಡಿ ಅವನಿಗೆ ಬಾಯಿಗೆ ಬಂದ ಹಾಗೆ ಬೈದರು. ನಾನು ಕೂತು ಪೂರ್ತಿ ಕೇಳಿಸಿಕೊಂಡೆ. ಅಷ್ಟು ಸೊಗಸಾದ ಮಾತನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಕೊನೆಗೆ ಹೋದದ್ದು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಹೈಸ್ಕೂಲಿಗೆ. ಅದು ನನ್ನ ಹುಟ್ಟೂರಿನ ಪಕ್ಕದ ಊರು. ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯ ಮೇಷ್ಟ್ರು ನನ್ನ ತಂದೆಯ ಹೆಸರು ಕೇಳಿ ಗುರುತು ಹಿಡಿದರು. ಡೀಲರಿನ ಸುದ್ದಿ ಅವರಿಗೂ ಮುಟ್ಟಿತ್ತು. ಕೋಣೆಯ ಬೀಗ ತೆಗೆದು, "ನಮ್ ಕಡೆ ಹೆಣ್ಮಗಳು ನೀನಿರುವಾಗ ನಾನ್ಯಾಕವ್ವ ಇಲ್ಲಿ. ನೋಡ್ತಿರು, ಮಕ್ಳಿಗೆ ಪಾಠ ಅದೆ" ಎಂದು ಹೋದರು.

ಮುಚ್ಚಳ ತೆಗೆದೆ. ಬಿಲ್ಲಿನಲ್ಲಿ ಎಷ್ಟು ಸ್ಟಿಕ್ ಇತ್ತೋ ಅಷ್ಟೂ ಇತ್ತು. ಒಂದೊಂದನ್ನೂ ತೆಗೆದು ತಿರುಗಿಸಿ ನೋಡಿದೆ, ಎಲ್ಲ ಅಸಲಿ. ಇಲ್ಲಿ ಅವನು ಕೈ ಹಾಕಿರಲಿಲ್ಲ. ನನಗೆ ಎಷ್ಟು ನಿರಾಸೆಯಾಯಿತೆಂದರೆ ಕುರ್ಚಿಯ ಮೇಲೆ ಕುಸಿದು ಕೂತೆ.

ಕೊನೆಯ ಸ್ಟಿಕ್ಕು ಇನ್ನೂ ನನ್ನ ಕೈಯಲ್ಲೇ ಇತ್ತು. ಕೋಣೆಯಲ್ಲಿ ಯಾರೂ ಇಲ್ಲ. ಬ್ಯಾಗು ಪಕ್ಕದಲ್ಲೇ ಬಾಯಿ ತೆರೆದು ಬಿದ್ದಿತ್ತು. ಇದೊಂದು ಅದರೊಳಗೆ ಹೋದರೆ ಇಲ್ಲೂ ಒಂದು ಕಡಿಮೆ. ಯಾರೂ ನನ್ನನ್ನು ಕೇಳುವುದಿಲ್ಲ, ಎಲ್ಲರೂ ಅವನನ್ನೇ ಹಿಡಿಯುತ್ತಾರೆ. ಈ ತಾಲ್ಲೂಕೂ ಅವನ ಕೈ ತಪ್ಪುತ್ತದೆ. ನಾನು ಇದನ್ನು ಕೂತು ಯೋಚಿಸಿದೆ, ಒಂದು ಕ್ಷಣ ಸುಳಿದು ಹೋದ ಯೋಚನೆಯೆಂದು ಹೇಳಲಾರೆ. ಆಚೆ ತರಗತಿಯಲ್ಲಿ ಮೇಷ್ಟ್ರು ಮಗ್ಗಿ ಹೇಳಿಸುವುದು ಕೇಳುತ್ತಿತ್ತು. ಅವನ ಮೇಲೆ ನನಗೆ ಆಗಲೂ ಎಳ್ಳಷ್ಟು ಕರುಣೆ ಇರಲಿಲ್ಲ. ಇದನ್ನು ಒಯ್ದರೆ ಅವತ್ತು ಆ ಕೋಣೆಯಲ್ಲಿ ಅವನು ನನ್ನ ಬಗ್ಗೆ ಹೇಳಿದ್ದು ನಿಜವಾಗುತ್ತಿತ್ತು. ಆ ಗೆಲುವನ್ನು ಅವನಿಗೆ ಕೊಡಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ಸ್ಟಿಕ್ಕನ್ನು ಸ್ಲಾಟಿನಲ್ಲಿಟ್ಟು ಎರಡೂ ತುದಿ ಒತ್ತಿದೆ. ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿದೆ.

ಮೇಷ್ಟ್ರು ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಬಂದರು. "ಎಲ್ಲಾ ಸರ್ಯಾಗದೇನವ್ವ?"

"ಸರ್ಯಾಗದೆ ಮೇಷ್ಟ್ರೆ. ಒಂದೂ ಕಮ್ಮಿಯಿಲ್ಲ."

"ಹಂಗಾದ್ರೆ ಆ ಮೈಸೂರ್ನೋನು ನಮ್ಗಂತೂ ಒಳ್ಳೆ ಮನ್ಸನೇ ಅನ್ನು."

ಬ್ಯಾಗು ಹೆಗಲಿಗೆ ಹಾಕಿ ಹೊರಗೆ ಬಂದವಳು ಬಾಗಿಲಲ್ಲಿ ನಿಂತು, "ಇನ್ಮೇಲೆ ಯಾರೇ ಬಂದು ಈ ಡಬ್ಬ ಬಿಚ್ಚುದ್ರೂ ನೀವು ಪಕ್ಕದಲ್ಲೇ ನಿಂತಿರಿ ಮೇಷ್ಟ್ರೆ" ಎಂದೆ.

"ನೀನ್ ಬಂದ್ರೂವಾ?" ಎಂದು ಅವರು ನಕ್ಕರು.

"ನಾನ್ ಬಂದ್ರೂವೆ" ಎಂದೆ.